ಬಾಡಿಗೆ ಮನೆಯ ಸ್ಲ್ಯಾಬು ಮತ್ತು ಫಿನಾಫ್ಥಲೀನ್ ಬಾಟಲಿ



ಈ ಸಲ ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿ ಧೂಳು ತಿನ್ನುತ್ತ ಕೂತಿರುವ ಒಂದು ಸಣ್ಣ ಬಾಟಲಿಯ ಬಗ್ಗೆ ಬರೆಯುತ್ತೇನೆ. ಆಮ್ಲ, ಪ್ರತ್ಯಾಮ್ಲದ ಪಾಠ ಬಂದಾಗ ವರ್ಷಕ್ಕೊಮ್ಮೆ ಹೊರಗೆ ಬರುತ್ತದೆ, ಎರಡು ಹನಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ, ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ, ಮತ್ತೆ ಕಪಾಟಿಗೆ ಹೋಗುತ್ತದೆ. ಕಳೆದ ವರ್ಷದ ಮಳೆಗಾಲದಲ್ಲಿ ಅದೇ ಬಾಟಲಿಯನ್ನು ಕಿಸೆಯಲ್ಲಿಟ್ಟುಕೊಂಡು ಸೊಲ್ಲಾಪುರದ ಹಳೇ ಓಣಿಯ ಒಂದು ಮನೆಗೆ ನಾನು ಹೋಗಬೇಕಾಯಿತು. ಕಾರಣ, ಮನೆ ಮಾಲಕರಿಗೂ ಬಾಡಿಗೆಗೆ ಇದ್ದವರಿಗೂ ನಡೆದಿದ್ದ ಜಗಳ.

ಬಾಡಿಗೆಗೆ ಇದ್ದವರು ನಮ್ಮ ಜೊತೆಯ ಶಿಕ್ಷಕಿ ಬಾಯಿಯವರು. ಎರಡು ಕೋಣೆ, ಒಂದು ಅಡುಗೆಮನೆ, ತಿಂಗಳಿಗೆ 3,500 ರೂಪಾಯಿ. ಏಳು ವರ್ಷದಿಂದ ಅಲ್ಲೇ ಇದ್ದಾರೆ. ಒಂದು ರಾತ್ರಿ ಸ್ಲ್ಯಾಬಿನ ಕೆಳಮೈಯಿಂದ ಒಂದು ತುಂಡು ಕಳಚಿ ಮಂಚದ ಮೇಲೆ ಬಿತ್ತು. ಆ ಮಂಚದ ಮೇಲೆ ದಿನಾ ಮಲಗುವುದು ಆರನೇ ಇಯತ್ತೆಯ ಅವರ ಮಗಳು. ಅವತ್ತು ಅಕ್ಕಲಕೋಟ ಕಡೆಯ ಹಳ್ಳಿಗೆ ಅಜ್ಜಿಯ ಹತ್ತಿರ ಹೋಗಿದ್ದಳು. ಬಾಯಿಯವರು ಬೆಳಿಗ್ಗೆ ತುಂಡುಗಳನ್ನು ಬಕೆಟ್ಟಿಗೆ ತುಂಬಿ ಓಣಿಯ ಕಿರಾಣಿ ಅಂಗಡಿಯಲ್ಲಿ ತೂಗಿಸಿದರು. ನಾಲ್ಕೂವರೆ ಕಿಲೋ. ವಿಜ್ಞಾನದ ಬಾಯಿ ಅಂದರೆ ಹೀಗೆ, ನಡುಗುವ ಕೈಯಲ್ಲೂ ತೂಕ ನೋಡುತ್ತಾರೆ.

ಲೆಕ್ಕ ನಾನೂ ಮಾಡಿದೆ. ಸ್ಲ್ಯಾಬಿನಿಂದ ಮಂಚಕ್ಕೆ ಸುಮಾರು 2.3 ಮೀಟರ್. ಮುಟ್ಟುವಾಗ ವೇಗ ಸೆಕೆಂಡಿಗೆ 6.7 ಮೀಟರ್, ಅಂದರೆ ಗಂಟೆಗೆ 24 ಕಿಲೋಮೀಟರ್. ಶಕ್ತಿ ಸುಮಾರು 100 ಜೂಲ್. ಮಾಳಿಗೆಯ ಎತ್ತರದಿಂದ ಒಂದು ರುಬ್ಬುಗುಂಡು ಮಗುವಿನ ತಲೆಯ ಮೇಲೆ ಬಿಟ್ಟ ಹಾಗೆ. ಇದನ್ನು ‘ಗಿಲಾವ ಉದುರಿತು’ ಅಂತ ಕರೆಯುವುದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ.

ಆದರೆ ಮಾಲಕರು ಹಾಗೇ ಕರೆದರು. ವಯಸ್ಸಾದ ಮನುಷ್ಯ, ಗಿರಣಿಯಲ್ಲಿ ದುಡಿದು, ಉಳಿಸಿದ ದುಡ್ಡಿನಲ್ಲಿ ಆ ಮನೆ ಕಟ್ಟಿದವರು. ಅವರ ಮಾತು ಹೀಗಿತ್ತು:

“ಬಾಯಿ, ಈ ಮನಿ ಕಟ್ಟಿ ಮೂವತ್ತಾರು ವರ್ಷ ಆತು. ಇಷ್ಟು ವರ್ಷ ಒಂದು ಹರಳು ಸೈತ ಉದುರಿರಲಿಲ್ಲ. ನೀವು ಬಂದ ಮ್ಯಾಲೆ ಸುರು ಆಗೈತಿ. ಮಳಿಗಾಲದಾಗ ಒಳಗ ಅರಿವಿ ಒಣಾ ಹಾಕ್ತೀರಿ, ನೀರ ಕಾಸಿದ ಉಗಿ ಎಲ್ಲಾ ಮ್ಯಾಲೆ ಹೊಕ್ಕೈತಿ. ಗೌಂಡಿನ್ನ ಕಳಸ್ತೀನಿ, ಗಿಲಾವ ಮಾಡಿ ಹೋಗ್ತಾನ. ಅರ್ಧಾ ಖರ್ಚು ನೀವು ಕೊಡ್ರಿ.”

“ಕಾಕಾ, ಅರಿವಿ ಎಲ್ಲಾರ ಮನ್ಯಾಗೂ ಒಣಗತಾವ. ಎಲ್ಲಾರ ಸ್ಲ್ಯಾಬ್ ಬೀಳತಾವೇನ್ರಿ? ಎರಡ ಸರ್ತಿ ಗಿಲಾವ ಮಾಡಿಸಿದ್ರಿ, ಎರಡೂ ಸರ್ತಿ ವರ್ಷದೊಳಗ ಬಿತ್ತು.”

ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ. ಮೂವತ್ತು ವರ್ಷದ ಹತ್ತಿರ ಏನೂ ಆಗಿರಲಿಲ್ಲ ಅನ್ನುವುದು ಖರೆ. ಬಾಯಿಯವರು ಬಂದ ಮೇಲೆ ಶುರುವಾಯಿತು ಅನ್ನುವುದೂ ಖರೆ. ಹಾಗಾದರೆ ಕಾರಣ ಯಾವುದು? ಇಲ್ಲಿಂದ ರಸಾಯನಶಾಸ್ತ್ರ ಬೇಕಾಗುತ್ತದೆ.

ಸಿಮೆಂಟು ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಸುಣ್ಣವೂ ಹುಟ್ಟುತ್ತದೆ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದರಿಂದ ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳಲ್ಲಿರುವ ನೀರು ಬಲವಾದ ಕ್ಷಾರವಾಗಿರುತ್ತದೆ, ಪಿಎಚ್ 12.5ಕ್ಕಿಂತ ಮೇಲೆ. ಇಂಥ ಕ್ಷಾರದಲ್ಲಿ ಕಬ್ಬಿಣದ ಸಳಿಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಬೆಳೆಯುತ್ತದೆ. ಆ ಪೊರೆ ಇರುವವರೆಗೆ ನೀರು, ಗಾಳಿ ಎರಡೂ ಇದ್ದರೂ ಸಳಿ ತುಕ್ಕು ಹಿಡಿಯುವುದಿಲ್ಲ. ಸ್ಲ್ಯಾಬಿನೊಳಗಿನ ಕಬ್ಬಿಣ ನೂರು ವರ್ಷ ಬಾಳಬಹುದು ಅನ್ನುವುದು ಈ ಪೊರೆಯ ಭರವಸೆಯ ಮೇಲೆ.

ಈ ಭರವಸೆಯನ್ನು ಮುರಿಯುವುದು ನಾವೇ ಉಸಿರಿನಲ್ಲಿ ಬಿಡುವ ಕಾರ್ಬನ್ ಡೈಆಕ್ಸೈಡ್. ಗಾಳಿಯಲ್ಲಿ ಅದು ಇರುವುದು ಸುಮಾರು 0.04 ಶೇಕಡಾ. ಆದರೂ ಅದು ಕಾಂಕ್ರೀಟಿನ ರಂಧ್ರಗಳೊಳಗೆ ನುಸುಳುತ್ತ ಹೋಗಿ ಸುಣ್ಣವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಮಾಡುತ್ತದೆ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿ ಹಾಲಿನ ಹಾಗೆ ಬೆಳ್ಳಗೆ ಮಾಡಿ ತೋರಿಸುತ್ತೇವಲ್ಲ, ಅದೇ ಕ್ರಿಯೆ. ಅಲ್ಲಿ ಒಂದು ನಿಮಿಷ, ಇಲ್ಲಿ ಇಪ್ಪತ್ತು ಮೂವತ್ತು ವರ್ಷ. ಇದನ್ನು ಕಾರ್ಬೊನೇಷನ್ ಅನ್ನುತ್ತಾರೆ. ಕಾರ್ಬೊನೇಷನ್ ಆದ ಭಾಗದಲ್ಲಿ ಪಿಎಚ್ 9ಕ್ಕಿಂತ ಕೆಳಗೆ ಇಳಿಯುತ್ತದೆ, ಪೊರೆ ಹೋಗುತ್ತದೆ, ಸಳಿ ಬತ್ತಲೆಯಾಗುತ್ತದೆ. ಕಾಂಕ್ರೀಟೇನೂ ಮೆತ್ತಗಾಗುವುದಿಲ್ಲ, ಹೊರಗಿನಿಂದ ನೋಡಿದರೆ ಒಂದು ಗುರುತೂ ಕಾಣುವುದಿಲ್ಲ. ಕಣ್ಣಿನಿಂದ ನೋಡಿ ‘ಗಟ್ಟಿ ಐತಿ ಬಿಡ್ರಿ’ ಅನ್ನುವವರು ಮೋಸಹೋಗುವುದು ಇಲ್ಲೇ.

ಫಿನಾಫ್ಥಲೀನ್ ಕೆಲಸಕ್ಕೆ ಬರುವುದೂ ಇಲ್ಲೇ. ಪಿಎಚ್ ಸುಮಾರು 8.2ಕ್ಕಿಂತ ಕೆಳಗಿದ್ದರೆ ಅದಕ್ಕೆ ಬಣ್ಣವಿಲ್ಲ, ಅದರ ಮೇಲೆ ಹೋದ ಹಾಗೆ ಗುಲಾಬಿಯಾಗಿ 10ರ ಹತ್ತಿರ ಗಾಢವಾಗುತ್ತದೆ. ಆಗತಾನೇ ಒಡೆದ ಕಾಂಕ್ರೀಟಿನ ಮೈಮೇಲೆ ಸಿಂಪಡಿಸಿದರೆ ಒಳಗಿನ ಆರೋಗ್ಯವಂತ ಭಾಗ ಗುಲಾಬಿ, ಕಾರ್ಬೊನೇಷನ್ ಆದ ಭಾಗ ಹಾಗೇ ಬೂದು. ಗೆರೆ ಎಲ್ಲಿದೆ ಅಂತ ಅಳತೆಪಟ್ಟಿ ಇಟ್ಟು ನೋಡಬಹುದು. ಕಟ್ಟಡದ ಎಂಜಿನಿಯರರು ಮಾಡುವುದೂ ಇದೇ ಪರೀಕ್ಷೆ.

ಭಾನುವಾರ ಹೋದೆವು. ಮಾಲಕರು, ಅವರ ಮಗ, ಒಬ್ಬ ಗೌಂಡಿ, ಬಾಯಿಯವರು, ನಾನು. ಮೊದಲು ಮಂಚ ಹೊರಗೆ ಹಾಕಿಸಿ, ಬಿದ್ದ ಜಾಗದ ಅಕ್ಕಪಕ್ಕ ಎರಡು ಟೇಕು ಕೊಡಿಸಿದೆವು. ಗೌಂಡಿ ಉದ್ದನೆಯ ಬಿದಿರಿನಿಂದ ಸ್ಲ್ಯಾಬನ್ನು ಅಲ್ಲಲ್ಲಿ ತಟ್ಟುತ್ತ ಹೋದ. ಗಟ್ಟಿ ಇದ್ದಲ್ಲಿ ‘ಟಣ್’ ಅಂತಿತ್ತು, ಸೀಳಿದಲ್ಲಿ ಖಾಲಿ ಗಡಿಗೆಯ ಹಾಗೆ ‘ಡಬ್’. ಆ ‘ಡಬ್’ ಜಾಗ ಕೋಣೆಯ ಮೂರರಲ್ಲಿ ಒಂದು ಪಾಲು ಇತ್ತು. (ಈ ತಟ್ಟುವ ಕೆಲಸವನ್ನು ನೇರ ಕೆಳಗೆ ನಿಂತು ಮಾಡಬಾರದು. ಮಕ್ಕಳನ್ನಂತೂ ಹತ್ತಿರ ಬಿಡಬಾರದು.) ಆಮೇಲೆ ಒಣಗಿದ ಒಂದು ಅಂಚಿನಲ್ಲಿ ಛೇಣಿಯಿಂದ ಸಣ್ಣಗೆ ಒಡೆದು, ಧೂಳು ಊದಿ ತೆಗೆದು, ಶಾಲೆಯ ಬಾಟಲಿಯಿಂದ ಹನಿ ಹಾಕಿದೆ.

ಕೆಳಮೈಯಿಂದ ಒಳಗೆ ಬೂದು, ಬೂದು, ಬೂದು. ಸಳಿ ದಾಟಿ ಹೋದ ಮೇಲೆ ಒಮ್ಮೆಲೇ ಕಡುಗುಲಾಬಿ. ಅಳೆದರೆ ಗೆರೆ 24 ಮಿಲಿಮೀಟರ್ ಒಳಗೆ. ಸಳಿ ಇದ್ದದ್ದು ಬರೇ 10 ಮಿಲಿಮೀಟರ್ ಒಳಗೆ.

“ಇದೇನ್ರೀ ಸರ, ಮಾಟಾ ಮಂತ್ರಾ?” ಅಂದರು ಮಾಲಕರು. ಗೌಂಡಿ ನಕ್ಕ. ನಾನು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಇದರಲ್ಲಿ ಒಂಬತ್ತನೇ, ಹತ್ತನೇ ಇಯತ್ತೆಗೆ ಒಳ್ಳೆಯ ಗಣಿತವೂ ಇದೆ.

ಕಾರ್ಬೊನೇಷನ್ ಒಳಗೆ ಹೋಗುವ ಆಳ ಕಾಲದ ವರ್ಗಮೂಲದ ಪ್ರಮಾಣದಲ್ಲಿ ಬೆಳೆಯುತ್ತದೆ. ಹೊರಪದರ ದಪ್ಪವಾದ ಹಾಗೆ ಒಳಗೆ ಹೋಗುವ ಅನಿಲಕ್ಕೆ ದಾರಿ ಉದ್ದವಾಗುತ್ತದೆ, ಆದ್ದರಿಂದ ನಿಧಾನವಾಗುತ್ತ ಹೋಗುತ್ತದೆ. ಈ ಮನೆಗೆ 36 ವರ್ಷ. 36ರ ವರ್ಗಮೂಲ 6. ಆಳ 24. ಭಾಗಿಸಿದರೆ 4 ಬಂತು. ಹಾಗಾದರೆ 10 ಮಿಲಿಮೀಟರ್ ಒಳಗಿನ ಸಳಿಯನ್ನು ಮುಟ್ಟಲು ಎಷ್ಟು ವರ್ಷ? 10ನ್ನು 4ರಿಂದ ಭಾಗಿಸಿ ವರ್ಗ ಮಾಡಿದರೆ ಆರೂಕಾಲು ವರ್ಷ. ಅದೇ ಸಳಿ 20 ಮಿಲಿಮೀಟರ್ ಒಳಗಿದ್ದಿದ್ದರೆ? 25 ವರ್ಷ. ಹೊದಿಕೆ ಎರಡು ಪಟ್ಟಾದರೆ ಆಯುಷ್ಯ ನಾಲ್ಕು ಪಟ್ಟು! ಭಾರತೀಯ ಮಾನಕ ಐಎಸ್ 456 ಸಾಮಾನ್ಯ ವಾತಾವರಣದ ಸ್ಲ್ಯಾಬಿಗೆ 20 ಮಿಲಿಮೀಟರ್ ಹೊದಿಕೆ ಕೇಳುತ್ತದೆ, ಸಳಿ ತೆಳುವಾಗಿದ್ದರೆ 5 ಕಡಿಮೆ ಮಾಡಲು ಬಿಡುತ್ತದೆ. ಸ್ಲ್ಯಾಬ್ ಹಾಕುವಾಗ ಸಳಿಯ ಕೆಳಗೆ ಇಡುವ ಸಿಮೆಂಟಿನ ಬಿಲ್ಲೆಗಳನ್ನು ಗೌಂಡಿಗಳು ಬೇಕಾಬಿಟ್ಟಿ ಇಡುತ್ತಾರೆ, ಅಥವಾ ಖಡಿಯ ಒಂದು ಚೂರು ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ಈ ನಿರ್ಲಕ್ಷ್ಯ ಕಾಣಿಸಿಕೊಳ್ಳುವುದು ಎಷ್ಟೋ ವರ್ಷಗಳ ಮೇಲೆ, ಬೇರೆ ಯಾರದೋ ತಲೆಯ ಮೇಲೆ. (ಗಿಲಾವಿನ ದಪ್ಪವನ್ನು ಈ ಲೆಕ್ಕದಲ್ಲಿ ಬಿಟ್ಟಿದ್ದೇನೆ. ಒಳ್ಳೆಯ ಗಿಲಾವು ಇದ್ದರೆ ಇನ್ನೂ ಕೆಲವು ವರ್ಷ ತಡೆಯುತ್ತದೆ. ಇದು ಅಂದಾಜಿನ ಲೆಕ್ಕ ಅಂತಲೇ ಮಕ್ಕಳಿಗೆ ಹೇಳಿ.)

ಈಗ ಮಾಲಕರು ಸರಿಯಾದ ಪ್ರಶ್ನೆ ಕೇಳಿದರು. “ಆರ ವರ್ಷಕ್ಕ ಹೊದಿಕಿ ಹೋಗಿತ್ತಂದ್ರ, ಮತ್ತ ಇಷ್ಟು ವರ್ಷ ಯಾಕ ಬೀಳಲಿಲ್ಲ?”

ಉತ್ತರ ಗಚ್ಚಿಯ ಮೇಲಿತ್ತು. ಪೊರೆ ಹೋದ ಮಾತ್ರಕ್ಕೆ ಸಳಿ ತುಕ್ಕು ಹಿಡಿಯುವುದಿಲ್ಲ, ತುಕ್ಕಿಗೆ ನೀರು ಬೇಕು. ಸೊಲ್ಲಾಪುರದ ಒಣ ಹವೆಯಲ್ಲಿ ಒಣ ಸ್ಲ್ಯಾಬು ಬತ್ತಲೆ ಸಳಿಯನ್ನು ಹೊತ್ತುಕೊಂಡು ವರ್ಷಗಟ್ಟಲೆ ಸುಮ್ಮನೆ ಇರಬಲ್ಲದು. ಎಂಟು ವರ್ಷದ ಹಿಂದೆ, ಅಂದರೆ ಬಾಯಿಯವರು ಬರುವುದಕ್ಕೆ ಒಂದು ವರ್ಷ ಮೊದಲು, ಮಾಲಕರು ಗಚ್ಚಿಯ ಮೇಲೆ ಒಂದು ಪ್ಲಾಸ್ಟಿಕ್ ಟಾಕಿ ಕೂಡಿಸಿದ್ದರು. ನಮ್ಮ ಊರಲ್ಲಿ ನಲ್ಲಿ ದಿನಾ ಬರುವುದಿಲ್ಲ, ಟಾಕಿ ಇಲ್ಲದೆ ನಡೆಯುವುದಿಲ್ಲ, ಅದರಲ್ಲಿ ತಪ್ಪೇನಿಲ್ಲ. ಆದರೆ ನೀರು ಬಂದ ದಿನ ಟಾಕಿ ತುಂಬಿ ಹೊರಚೆಲ್ಲುತ್ತಿತ್ತು, ಚೆಲ್ಲಿದ ನೀರು ಹರಿದುಹೋಗಲು ಇಳಿಜಾರಿರಲಿಲ್ಲ. ಎರಡು ದಿನ ನೀರು ನಿಲ್ಲುತ್ತದೆ, ಮತ್ತೆ ಒಣಗುತ್ತದೆ, ಮತ್ತೆ ನಿಲ್ಲುತ್ತದೆ. ಒಮ್ಮೆ ಹಸಿ ಒಮ್ಮೆ ಒಣ, ಇದಕ್ಕಿಂತ ಕೆಟ್ಟ ಸ್ಥಿತಿ ಸಳಿಗೆ ಇನ್ನೊಂದಿಲ್ಲ. ಹಸಿ ಇದ್ದಾಗ ನೀರು ಸಿಗುತ್ತದೆ, ಒಣಗುವಾಗ ಗಾಳಿ ಒಳಗೆ ಬರುತ್ತದೆ.

ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಸುತ್ತಲೂ ಗಟ್ಟಿ ಕಾಂಕ್ರೀಟು, ಜಾಗ ಎಲ್ಲಿಂದ ಬರಬೇಕು? ಕಲ್ಲಿನ ಗಣಿಯಲ್ಲಿ ತೂತಿಗೆ ಬೆಣೆ ಬಡಿದು ಬಂಡೆ ಸೀಳುವ ಹಾಗೆ ಸಳಿಯ ಉದ್ದಕ್ಕೂ ಒಳಗಿನಿಂದ ಬೆಣೆ ಬೀಳುತ್ತದೆ. ಮೊದಲು ಸಳಿಯ ಗೆರೆಯಲ್ಲೇ ಕೂದಲೆಳೆಯ ಬಿರುಕು, ಆಮೇಲೆ ಕಂದು ಕಲೆ, ಆಮೇಲೆ ಉಬ್ಬು, ಕೊನೆಗೆ ಹೊದಿಕೆಯೇ ಹಪ್ಪಳದ ಹಾಗೆ ಕಳಚುತ್ತದೆ. ಬಿದ್ದಲ್ಲಿ ಗೌಂಡಿ ಸಳಿಯನ್ನು ಕೆರೆದು ಅಳೆದ. ಹಾಕಿದಾಗ 8 ಮಿಲಿಮೀಟರ್ ದಪ್ಪ ಇದ್ದದ್ದು ಒಂದು ಕಡೆ 6 ಉಳಿದಿತ್ತು. ‘ಎರಡ ಮಿಲಿಮೀಟರ್ ಹೋಗೈತಿ, ಏನ್ ಮಹಾ’ ಅಂದ ಮಾಲಕರ ಮಗ. ಸಳಿಯ ಬಲ ಅದರ ಅಡ್ಡಕೊಯ್ತದ ಕ್ಷೇತ್ರಫಲದಲ್ಲಿದೆ, ಕ್ಷೇತ್ರಫಲ ವ್ಯಾಸದ ವರ್ಗದ ಹಾಗೆ ನಡೆಯುತ್ತದೆ. 64ರಲ್ಲಿ 36 ಉಳಿಯಿತು. ನೂರಕ್ಕೆ 44ರಷ್ಟು ಹೋಯಿತು. ಅವನು ಸುಮ್ಮನಾದ.

ಅರಿವೆ ಒಣಗಿಸಿದ ಉಗಿಯ ಮಾತು? ಅದನ್ನು ಪೂರ್ತಿ ತಳ್ಳಿಹಾಕಲಿಲ್ಲ. ಕಿಟಕಿ ಹಾಕಿ ಒಳಗೆ ಉಗಿ ತುಂಬಿದರೆ ತೇವ ಹೆಚ್ಚುತ್ತದೆ, ಬೂಸು ಬರುತ್ತದೆ. ಆದರೆ ಹಾನಿ ಆಗಿದ್ದ ಜಾಗ ನೋಡಿ: ಅಡುಗೆಮನೆಯ ಸ್ಲ್ಯಾಬಿಗೆ ಏನೂ ಆಗಿರಲಿಲ್ಲ. ಉಗಿ ಕಾರಣವಾಗಿದ್ದರೆ ಅದೇ ಮೊದಲು ಬೀಳಬೇಕಿತ್ತು. ‘ಡಬ್’ ಅಂದ ಜಾಗವೆಲ್ಲ ಟಾಕಿಯ ನೇರ ಕೆಳಗೆ ಮತ್ತು ಅದರ ನೀರು ನಿಲ್ಲುವ ಕಡೆ. ಗಚ್ಚಿಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಕೆಳಗಿನ ನಕ್ಷೆಯೊಡನೆ ಹೊಂದಿಸಿ ತೋರಿಸಿದೆವು. ಬಣ್ಣದ ಪರೀಕ್ಷೆಗಿಂತ ಈ ನಕ್ಷೆಯೇ ಮಾಲಕರಿಗೆ ಹೆಚ್ಚು ತಾಗಿತು ಅನಿಸುತ್ತದೆ.

ಗಿಲಾವು ಎರಡು ಸಲ ಬಿದ್ದದ್ದೂ ಇದರಿಂದಲೇ ತಿಳಿಯುತ್ತದೆ. ತುಕ್ಕಿನ ಮೇಲೆ ಉಸುಕು ಸಿಮೆಂಟು ಮೆತ್ತಿದರೆ ಒಳಗೆ ಬೆಣೆ ಬೆಳೆಯುವುದು ನಿಲ್ಲುವುದಿಲ್ಲ. ಸರಿಯಾದ ಕೆಲಸ ಅಂದರೆ ಸೀಳಿದ ಕಾಂಕ್ರೀಟನ್ನು ಸಳಿಯ ಹಿಂದಿನವರೆಗೆ ತೆಗೆದು, ಸಳಿಯನ್ನು ಹೊಳೆಯುವ ತನಕ ಉಜ್ಜಿ, ತೆಳುವಾದಲ್ಲಿ ಹೊಸ ಸಳಿ ಸೇರಿಸಿ, ತುಕ್ಕುನಿರೋಧಕ ಬಳಿದು, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬುವುದು. ಅದಕ್ಕೂ ಮೊದಲು ಮೇಲಿನ ನೀರು ನಿಲ್ಲಬೇಕು. ಎಷ್ಟು ತೆಗೆಯಬೇಕು, ಸ್ಲ್ಯಾಬು ಉಳಿಯುತ್ತದೋ ಇಲ್ಲವೋ ಅನ್ನುವುದನ್ನು ಎಂಜಿನಿಯರ್ ಹೇಳಬೇಕು. ಫಿನಾಫ್ಥಲೀನ್ ಸ್ಲ್ಯಾಬಿನ ಬಲವನ್ನು ಹೇಳುವುದಿಲ್ಲ, ಕ್ಷಾರ ಇದೆಯೋ ಇಲ್ಲವೋ ಇಷ್ಟನ್ನೇ ಹೇಳುತ್ತದೆ. ನಾವು ಶಿಕ್ಷಕರು ಅಲ್ಲಿಗೇ ನಿಲ್ಲಬೇಕು.

ಕಾಸರಗೋಡಿನ ಗೆಳೆಯರಿಗೆ ಒಂದು ಮಾತು. ನಿಮ್ಮ ಕಡಲತೀರದಲ್ಲಿ ಇನ್ನೊಂದು ಶತ್ರು ಇದೆ, ಉಪ್ಪು. ಕ್ಲೋರೈಡ್ ಅಯಾನುಗಳು ಪಿಎಚ್ ಇಳಿಯದೇ ಇದ್ದರೂ ಪೊರೆಯನ್ನು ತೂತು ಮಾಡುತ್ತವೆ. ಹಾಗಾಗಿ ಕಡಲ ಹತ್ತಿರದ ಮನೆಯಲ್ಲಿ ಗುಲಾಬಿ ಬಂತು ಅಂತ ನಿಶ್ಚಿಂತೆಯಿಂದ ಇರಬೇಡಿ. ಅಲ್ಲಿಗೆ ಕಪಾಟಿನ ಇನ್ನೊಂದು ಬಾಟಲಿ ಬೇಕು, ಸಿಲ್ವರ್ ನೈಟ್ರೇಟ್. ಕ್ಲೋರೈಡ್ ಇದ್ದಲ್ಲಿ ಬಿಳಿ, ಇಲ್ಲದಲ್ಲಿ ಕಂದು.

ಇನ್ನು ಕಾನೂನಿನ ಮಾತು. ವಿಜ್ಞಾನದ ಪತ್ರಿಕೆಯಲ್ಲಿ ಇದೇಕೆ ಅನ್ನಬೇಡಿ, ನಮ್ಮಲ್ಲಿ ಎಷ್ಟೋ ಶಿಕ್ಷಕರು ಬಾಡಿಗೆ ಮನೆಯವರೇ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ ಕಲಂ 14ರ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಮನೆಯನ್ನು ವಾಸಕ್ಕೆ ತಕ್ಕ ದುರಸ್ತಿಯಲ್ಲಿ ಇಡುವುದು ಮಾಲಕರ ಹೊಣೆ. ಕನಿಷ್ಠ 15 ದಿನದ ನೋಟೀಸು ಕೊಟ್ಟು, ಆಮೇಲೆ ತಕ್ಕ ಸಮಯದೊಳಗೆ ಅವರು ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿಯಬಹುದು. ಆದರೆ ಒಂದು ವರ್ಷದಲ್ಲಿ ಹಿಡಿಯುವ ಮೊತ್ತ ಆ ವರ್ಷದ ಬಾಡಿಗೆಯ ನಾಲ್ಕನೆಯ ಒಂದು ಭಾಗ ಮೀರಬಾರದು. ಬಾಯಿಯವರ ವರ್ಷದ ಬಾಡಿಗೆ 42,000, ನಾಲ್ಕನೆಯ ಒಂದು ಭಾಗ 10,500. ಎಂಜಿನಿಯರ್ ಹೇಳಿದ ಅಂದಾಜು 60,000ದ ಮೇಲೆ. ಕಡಿಮೆ ಬಾಡಿಗೆಯ ಹಳೇ ಮನೆಗಳಲ್ಲಿ ಈ ಕಲಮು ನಲ್ಲಿ, ಬಾಗಿಲಿಗೆ ಸಾಕಾಗುತ್ತದೆ, ಸ್ಲ್ಯಾಬಿಗೆ ಸಾಕಾಗುವುದಿಲ್ಲ. ಬೀಳುವಂತಿರುವ ಕಟ್ಟಡ ಅಂದರೆ ಮಹಾನಗರಪಾಲಿಕೆಗೆ ಅರ್ಜಿ ಕೊಡುವ ದಾರಿ ಬೇರೆ ಇದೆ. ಅಪಾಯ ತೆಗೆಯಲು ಮಾಲಕರಿಗೆ ನೋಟೀಸು ಕೊಡುವ ಅಧಿಕಾರ ಪಾಲಿಕೆಗಿದೆ.

ಬಾಯಿಯವರ ಒಂದು ತಪ್ಪನ್ನೂ ಹೇಳಬೇಕು, ಅವರೇ ಬರೆಯಿರಿ ಅಂದಿದ್ದಾರೆ. ಮೂರು ವರ್ಷದಿಂದ ‘ಕಾಕಾ, ಸ್ವಲ್ಪ ನೋಡ್ರಿ’ ಅಂತ ಬಾಯಿಮಾತಿನಲ್ಲೇ ಹೇಳುತ್ತ ಬಂದಿದ್ದರು. ಒಂದು ಚೀಟಿ ಇಲ್ಲ, ಒಂದು ಫೋಟೋ ಇಲ್ಲ. ಕರಾರು ಪತ್ರವೂ ಇರಲಿಲ್ಲ. ಕರಾರನ್ನು ಬರೆದು ನೋಂದಾಯಿಸುವ ಹೊಣೆ ಕಲಂ 55ರ ಪ್ರಕಾರ ಮಾಲಕರದ್ದು. ಅದು ಇಲ್ಲದಿದ್ದಾಗ, ಬೇರೆ ರೀತಿ ಸಾಬೀತಾಗದ ಹೊರತು, ಷರತ್ತುಗಳ ಬಗ್ಗೆ ಬಾಡಿಗೆದಾರರು ಹೇಳಿದ್ದೇ ನಡೆಯುತ್ತದೆ. ಇದು ಅವರಿಗೆ ಅನುಕೂಲವೇ ಆಯಿತು. ಆದರೆ ಹನ್ನೊಂದು ತಿಂಗಳ ‘ಲೀವ್ ಅಂಡ್ ಲೈಸೆನ್ಸ್’ ಬರೆದುಕೊಟ್ಟವರು ಬಾಡಿಗೆದಾರರ ಈ ಹಕ್ಕುಗಳು ತಮಗೂ ಇವೆ ಅಂತ ತಿಳಿಯಬಾರದು. ಅವರ ಹಕ್ಕು ಆ ಪತ್ರದಲ್ಲಿ ಬರೆದಷ್ಟೇ, ಸಹಿ ಮಾಡುವ ಮೊದಲೇ ದುರಸ್ತಿಯ ಮಾತು ಬರೆಸಿಕೊಳ್ಳಿ. ಹೊಸೂರಿನವರಿಗೆ ತಮಿಳುನಾಡಿನ 2017ರ ಕಾಯ್ದೆ ಇದೆ, ಅದರ ಅನುಸೂಚಿಯಲ್ಲಿ ಕಟ್ಟಡದ ಮೂಲ ದುರಸ್ತಿ ಮಾಲಕರ ಪಾಲಿಗೆ, ನಲ್ಲಿಯ ವಾಷರ್‌ನಂಥದು ಬಾಡಿಗೆದಾರರ ಪಾಲಿಗೆ ಅಂತ ಹಂಚಿದ್ದಾರೆ. ಬಾಡಿಗೆ ಕಾಯ್ದೆ ಮುಟ್ಟದ ಕಡೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 108 ನೋಡಬೇಕು.

ಬಾಯಿಯವರು ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಕಳಿಸಿದರು. ತೂಕದ ಚೀಟಿ, ಫೋಟೋ, ಅಳತೆ, ಗಚ್ಚಿಯ ನಕ್ಷೆ ಎಲ್ಲ ಹಚ್ಚಿ. ಮಾಲಕರ ಮಗ ಸಿಟ್ಟಿಗೆದ್ದು “ಕೋರ್ಟಿಗೆ ಹೋಗ್ತೀರೇನು? ನಾಳಿಂದ ನಲ್ಲಿ ಬಂದ್” ಅಂದ. ನೀರು, ಕರೆಂಟು ಕಡಿಯುವುದನ್ನು ಅದೇ ಕಾಯ್ದೆಯ ಕಲಂ 29 ತಡೆಯುತ್ತದೆ ಅಂತ ಮುದುಕರಿಗೆ ತಿಳಿಸಿ ಹೇಳಿದ ಮೇಲೆ ಅವರೇ ಮಗನ ಬಾಯಿ ಮುಚ್ಚಿಸಿದರು. ಆಮೇಲೆ ನನ್ನನ್ನು ಹೊರಗೆ ಕರೆದು, “ಸರ, ನನ್ನ ಹತ್ರ ಅಷ್ಟು ರೊಕ್ಕ ಇಲ್ಲ. ಬೀಳಲಿ ಅಂತ ನನಗೂ ಇಲ್ಲ” ಅಂದರು. ಅದೂ ಸುಳ್ಳಲ್ಲ.

ಕಡೆಗೆ ಆದದ್ದು ಇಷ್ಟು. ಮೊದಲ ವಾರದಲ್ಲೇ ಟಾಕಿಯನ್ನು ಗೋಡೆಯ ಮೇಲೆ ಬರುವ ಹಾಗೆ ಕಟ್ಟೆ ಕಟ್ಟಿ ಸರಿಸಿ, ತೇಲುಚೆಂಡು ಹಾಕಿಸಿದರು. ಮಂಚದ ಕೋಣೆಯ ದುರಸ್ತಿ ದೀಪಾವಳಿ ರಜೆಯಲ್ಲಿ ಆಯಿತು. ಬಾಯಿಯವರು ಆರು ತಿಂಗಳ ಬಾಡಿಗೆ ಮುಂಗಡ ಕೊಟ್ಟರು, ಅರ್ಧ ಖರ್ಚಿನ ಮಾತನ್ನು ಮಾಲಕರು ಬಿಟ್ಟರು. ಎರಡನೇ ಕೋಣೆಯಲ್ಲಿ ಇನ್ನೂ ಟೇಕು ನಿಂತಿದೆ, ಅಲ್ಲಿ ಯಾರೂ ಮಲಗುವುದಿಲ್ಲ. ಮುಂದಿನ ಬೇಸಿಗೆಗೆ ಅದರ ಕೆಲಸ ಅಂತ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿದ್ದಾರೆ.

ವರ್ಗದಲ್ಲಿ ಮಾಡುವುದಾದರೆ ಎರಡು ಬಾಟಲಿ, ಎರಡು ಹೊಸ ಮೊಳೆ ಸಾಕು. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಸುಣ್ಣದ ತಿಳಿನೀರು ಹಾಕಿ ಮುಚ್ಚಳ ಬಿಗಿಯಾಗಿ ಹಾಕಿ, ಇಲ್ಲದಿದ್ದರೆ ಗಾಳಿಯಿಂದ ಸುಣ್ಣ ಕೆಡುತ್ತದೆ. ಒಂದು ವಾರಕ್ಕೆ ಒಂದು ಮೊಳೆ ಕಂದು, ಇನ್ನೊಂದು ಹೊಳೆಯುತ್ತಲೇ ಇರುತ್ತದೆ. ಹಳೇ ಕಟ್ಟಡ ಕೆಡವಿದ ಕಡೆಯಿಂದ ಕಾಂಕ್ರೀಟಿನ ತುಂಡು ತಂದು, ಶಿಕ್ಷಕರೇ ಕನ್ನಡಕ ಹಾಕಿಕೊಂಡು ಒಡೆದು, ಹನಿ ಹಾಕಿ ತೋರಿಸಬಹುದು. ಫಿನಾಫ್ಥಲೀನ್ ದ್ರಾವಣದಲ್ಲಿ ಸ್ಪಿರಿಟ್ ಇರುತ್ತದೆ, ಹತ್ತಿರ ಬೆಂಕಿ ಬೇಡ. ನಾನು ಇದನ್ನು ನಮ್ಮ ವರ್ಗದಲ್ಲಿ ಮಾಡಿದ ಮರುದಿನ ಮೂವರು ಹುಡುಗರು ತಮ್ಮ ತಮ್ಮ ಮನೆಯ ಸ್ಲ್ಯಾಬಿನ ಕಂದು ಕಲೆಗಳ ಚಿತ್ರ ಬರೆದುಕೊಂಡು ಬಂದಿದ್ದರು. ಅದರಲ್ಲಿ ಒಂದು ಮನೆಗೆ ಬರುವ ಭಾನುವಾರ ಹೋಗಬೇಕಾಗಿದೆ.